ಬಲಕ್ಕೆ ಬಿದ್ದ ಹೂವು

ರುದ್ರಯ್ಯ ಮೇಷ್ಟ್ರು ಅಂಕಿಗಳ ಪುಸ್ತಕವನ್ನು ಬಸ್ಸಿನಲ್ಲೇ ಬಿಟ್ಟು ಸಾಲಗಾಮೆಯಲ್ಲಿ ಇಳಿದುಬಿಟ್ಟರು. ಪುಣ್ಯಾತ್ಮನಿಗೆ ಮರೆಯಲು ಬೇರೇನೂ ಸಿಗಲಿಲ್ಲ. ಯಾವ ಹೊಲದ ರಾಗಿ ಕೊಯ್ದು ತೂಗಬೇಕೆಂದು ಪಕ್ಷಪಾತವಿಲ್ಲದೆ ಆರಿಸಿಕೊಡುವುದೇ ಆ ಪುಸ್ತಕ. ಊರಿಗೊಂದು ಹೊಲ ಕೊಯ್ದು ಇಡೀ ತಾಲ್ಲೂಕಿನ ಬೆಳೆ ಅಂದಾಜು ಮಾಡಬಹುದೆಂಬುದು ವಿಶ್ವವಿದ್ಯಾನಿಲಯದ ಗಣಿತ ವಿಭಾಗದ ಸಂಶೋಧನೆ. ಸಂಜೆ ಪ್ರೊಫೆಸರ್ ಚನ್ನಬಸವಯ್ಯನವರು ಬರುವಷ್ಟರಲ್ಲಿ ತೂಕ ಸಿದ್ಧವಾಗಿದ್ದರೆ, ಅದೇ ವಿಭಾಗದಲ್ಲಿ ಹಂಗಾಮಿಯಾಗಿದ್ದ ಮೇಷ್ಟ್ರ ಕೆಲಸ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಪುಸ್ತಕದ ಬದಲಿಗೆ ಮೇಷ್ಟ್ರು ಹೊಲಗಳ ನಂಬರು ಬರೆದ ಚೀಟಿಗಳನ್ನು ಬಿಂದಿಗೆಗೆ ಹಾಕಿ, ಕಣ್ಣು ಮುಚ್ಚಿ ಒಂದನ್ನೆತ್ತಿದರು. ಬಂದದ್ದು ಊರಿನ ಮುದುಕಿ ದೊಡ್ಡಮ್ಮನ ಹೊಲ. ಅಲ್ಲಿ ರಾಗಿಗಿಂತ ಕಳೆಯೇ ಹುಲುಸಾಗಿತ್ತು.

"ಊರಿನ ಮಾನ ಓಯ್ತದೆ ಸಾ, ಇನ್ನೊಂದ್ ಸಲ ತಗೀರಿ," ಎಂದ ಪಟೇಲ ಕೆಂಪಣ್ಣ.

"ಒಮ್ಮೆ ಬಂದದ್ದು ಬಂತು. ಇದರಲ್ಲಿ ಯಾರ ಕೈಯೂ ಇಲ್ಲ," ಎಂದರು ಮೇಷ್ಟ್ರು ಗಂಭೀರವಾಗಿ.

ಕೆಂಪಣ್ಣ ತಲೆಯ ವಸ್ತ್ರ ತೆಗೆದು ಕೈಮುಗಿದ. "ಯಾರ್ ಕೈನೂ ಇಲ್ಲ ಅಂದ್ಮೇಲೆ ಇದು ಊರಮ್ಮನ ಕೈ ಕಣ್ರಲಾ!"

ಅಷ್ಟೇ! ಹೊಲಕ್ಕೆ ತೋರಣ ಬಂತು, ಅರಿಶಿನ ಕುಂಕುಮ ಬಂತು. ದೊಡ್ಡಮ್ಮ ಬದುವಿನ ಮೇಲೆ ಅಡ್ಡ ನಿಂತಳು. "ಅಮ್ಮ ಆರಿಸ್ಕಂಡ ಒಲಕ್ಕೆ ಕುಡ್ಲು ಆಕ್ತೀಯಾ? ಮದ್ಲು ಅವಳನ್ನ ಕೇಳಪ್ಪ!"

ಬೇರೆ ದಾರಿಯಿರಲಿಲ್ಲ. ಗುಡಿಯಲ್ಲಿ ಊರಮ್ಮನ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. 'ಅರ್ಧಕ್ಕೆ ಅರ್ಧ, ಅಷ್ಟೇ,' ಎಂದು ಮೇಷ್ಟ್ರು ಧೈರ್ಯ ತಂದುಕೊಂಡರು. ಹೂ ಅಲ್ಲಾಡಲಿಲ್ಲ. ಬಿಸಿಲು ಇಳಿಯಿತು. ಮೇಷ್ಟ್ರು ಅಷ್ಟು ವರ್ಷ ಓದಿದ ಗಣಿತ ಎಲ್ಲಿ ಹೋಯಿತೋ, "ತಾಯೀ, ಬಲಕ್ಕೆ ಕೊಡವ್ವಾ!" ಎಂದು ಅಡ್ಡಬಿದ್ದರು.

ಬಲಗಡೆಯ ಹೂ ಉದುರಿತು. ಜನ ಹೋ ಎಂದರು. ಮೇಷ್ಟ್ರು ಕಣ್ಣೊರೆಸಿಕೊಂಡು ತಿರುಗಿದರೆ ಬಾಗಿಲಲ್ಲಿ ಪ್ರೊಫೆಸರ್ ಚನ್ನಬಸವಯ್ಯ!

"ತೂಕ ಎಲ್ಲಿ?"

"ಅಪ್ಪಣೆ... ಈಗ ಸಿಕ್ಕಿತು ಸರ್," ಎಂದ ಮೇಷ್ಟ್ರು ಚೀಟಿ ಎತ್ತಿದ್ದರಿಂದ ಹಿಡಿದು ನಡೆದದ್ದನ್ನೆಲ್ಲ ಹೇಳಿದರು.

ಇಡೀ ವಿಭಾಗವನ್ನು ನಡುಗಿಸುವ ಪ್ರೊಫೆಸರ್ ಬಿದ್ದ ಹೂವನ್ನೇ ನೋಡುತ್ತ ನಿಂತರು. ಕಡೆಗೆ ಮೆಲ್ಲಗೆ, "ಆಹಾ! ಯಾರೂ ಮುಟ್ಟಲಿಲ್ಲ, ಗಾಳಿಯೂ ಇಲ್ಲ. ನಿಮ್ಮ ಚೀಟಿಗಿಂತ ಇದು ಶುದ್ಧ ಆಕಸ್ಮಿಕ ಕಣ್ರೀ ರುದ್ರಯ್ಯ," ಎಂದರು. ಮೇಷ್ಟ್ರಿಗೆ ಹೋದ ಜೀವ ಬಂತು.

ಪ್ರೊಫೆಸರ್ ಬೂಟು ಬಿಚ್ಚಿ ಒಳಗೆ ಬಂದರು. "ತೂಕ ಆಗಿಲ್ಲ, ತಪ್ಪು. ಆದರೆ ಚೀಟಿ ಬದಲಾಯಿಸಲಿಲ್ಲ, ಅದು ನಿಯತ್ತು. ಇವರನ್ನು ಖಾಯಂ ಮಾಡಲೋ ಬೇಡವೋ ನನಗೇ ತಿಳಿಯದು. ಇನ್ನೆರಡು ಹೂ ಅಂಟಿಸಿ."

ಅಂಟಿಸಿದರು. ಈ ಸಲ ಊರಮ್ಮ ಕಾಯಿಸಲೇ ಇಲ್ಲ. ಎಡಗಡೆಯ ಹೂ ಟಪ್ಪನೆ ಬಿತ್ತು.

"ಸರ್, ಇನ್ನೊಂದು ಸಲ ಕೇಳಿ ಸರ್!" ಎಂದು ಮೇಷ್ಟ್ರು ಗೋಗರೆದರು.

ಕೆಂಪಣ್ಣ ಅವರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ. "ಬ್ಯಾಡಿ ಸಾ. ನೀವೇ ಏಳ್ಳಿಲ್ವಾ? ಒಮ್ಮೆ ಬಂದದ್ದು ಬಂತು. ಇದ್ರಲ್ಲಿ ಯಾರ್ ಕೈನೂ ಇಲ್ಲ."