ಇಡೀ ತಿಂಗಳಿಗೆ ಹಾಕಿಟ್ಟ ಸಹಿ

ಇಂಡಿ ಊರಿನ ಲಿಂಬೆ ಮಾರುಕಟ್ಟೆಯಲ್ಲಿ ಲಾರಿ ಬಂದು ನಿಂತ ಮೇಲೆ ಮಾಲಿನ ಚೀಟಿಗೆ ಸಹಿ ಹಾಕುತ್ತ ಕೂಡಲು ಯಾರಿಗೂ ಪುರಸೊತ್ತಿಲ್ಲ. ಅದಕ್ಕೇ ಲಿಂಬೆ ದಲಾಲಿಯ ಅಡತಿ ಅಂಗಡಿಯ ದಿಲಾವರ ಬೆಳಿಗ್ಗೆಯೇ ಐವತ್ತು ಖಾಲಿ ಚೀಟಿಗೆ ಸಹಿ ಹೊಡೆದಿಟ್ಟು ನಿರಾಳವಾಗುತ್ತಿದ್ದ. ಎರಡನೇ ಇಯತ್ತೆಯ ಮಗಳು ಇರಮಳ ಹೋಮ್‌ವರ್ಕ್ ಡೈರಿಯನ್ನೂ ಅವನು ಹಾಗೇ ಮುಗಿಸಿದ್ದ. ‘ಇಂದು ಸಂಜೆ ಆರರಿಂದ ಅರ್ಧ ತಾಸು ಮಗುವಿನ ಜೊತೆ ಕೂತಿದ್ದೇನೆ’ ಎಂದು ಪ್ರತಿ ಪುಟದ ಕೆಳಗೆ ಅಚ್ಚಾಗಿತ್ತು. ಒಂದನೇ ತಾರೀಖಿಗೇ ಮೂವತ್ತೂ ಪುಟಕ್ಕೆ ಸಹಿ ಬಿದ್ದಿತ್ತು.

ಸಂಜೆ ಆರಕ್ಕೆ ಅಯೂಬನ ಚಹಾದಂಗಡಿಯಲ್ಲಿ ಕೇರಂ. ದಿನವೆಲ್ಲ ಬೇರೆಯವರ ಪಾಲಾದರೂ ಆ ಒಂದು ತಾಸು ಮಾತ್ರ ದಿಲಾವರನದು, ಅದರ ಮೇಲೆ ಅವನಿಗೆ ಜೀವ. ನಾಳೆಯಂತೂ ಫೈನಲ್. ಐದು ವರ್ಷ ಆಡಿ ಅವನು ಫೈನಲ್ ಮುಟ್ಟಿದ್ದು ಇದೇ ಮೊದಲು.

ಮಧ್ಯಾಹ್ನ ಹೆಂಡತಿ ಮೆಹರಾಜ ಫೋನು ಮಾಡಿದಳು. “ಸಾಲಿ ಟೀಚರ್ ಇವತ್ತ ಆರಕ್ಕ ಮನಿಗಿ ಬರ್ತಾರಂತ. ನೀವು ಇರಮನ್ನ ಹೆಂಗ ಓದಸ್ತೀರಿ ನೋಡ್ಬೇಕಂತ.”

“ಹೆಂಗ ಓದಸ್ತೇನಿ?”

“ನಂಗೇನು ಗೊತ್ತು? ಲಗೂ ಬರ್ರಿ.”

ಉಪ್ಪಿನಕಾಯಿಗೆಂದು ಆರಿಸಿಟ್ಟಿದ್ದ ಸಣ್ಣ ಲಿಂಬೆಯ ಚೀಲ ಹಿಡಿದು ಅವನು ಮನೆಗೆ ಓಡಿದ. ಇರಮ ಕಟ್ಟೆಯ ಮೇಲೆ ಕೂತಿದ್ದಳು.

“ಎಲ್ಲೀತನ ಬಂದೈತಿ ನಿಂದು?”

“ಮೂರರ ಮಗ್ಗಿ, ಅಬ್ಬಾ. ಮೂರ ಏಳ್ಲೆ ತನಕಾ ಬರ್ತೈತಿ. ಮುಂದ ನಿದ್ದಿ ಬರ್ತೈತಿ.”

“ಆರಕ್ಕ ಟೀಚರ್ ಬರ್ತಾರ, ಏನ್ ಮಾಡ್ಲಿ?” ಎಂದು ದಿಲಾವರ ತಲೆ ಕೆರೆದುಕೊಂಡ. ಪಕ್ಕದ ಮನೆಯ ಗೈಬುಸಾಬ ಗೋಡೆಯ ಮೇಲಿಂದ ಇಣುಕಿದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಕರೆಯದೆಯೂ ಸಲಹೆ ಕೊಡುವವರು.

“ಒಬ್ಬಾಕೀನ ಕೂತ್ರ ಟೀಚರ್ ಕಣ್ಣು ನಿನ್ನ ಮ್ಯಾಲ ಬೀಳ್ತಾವ. ಬಸ್ ತುಂಬಿದ್ರ ಯಾರು ಟಿಕೀಟ ತಗೊಂಡಾರ, ಯಾರು ಬಿಟ್ಟಾರ, ಗೊತ್ತಾಗಂಗಿಲ್ಲ. ತಡಿ, ನಾ ತುಂಬ್ತೇನಿ.”

ತಮ್ಮ ಇಬ್ಬರು ಮೊಮ್ಮಕ್ಕಳನ್ನೂ ಸೇರಿಸಿ ಓಣಿಯ ಮಕ್ಕಳನ್ನೆಲ್ಲ ತಂದು ಹತ್ತಿಸಿದರು. ಆರು ಹೊಡೆಯುವಷ್ಟರಲ್ಲಿ ಕಟ್ಟೆಯ ಮೇಲೆ ಹನ್ನೊಂದು ಮಕ್ಕಳು. ಗದ್ದಲ ತಡೆಯಲಾರದೆ ದಿಲಾವರ ಚೀಲವನ್ನೇ ಬೋರಲು ಸುರಿದ.

“ಮೂರು ಮೂರು ಲಿಂಬಿ ಕೂಡಿಸಿ ಇಡ್ರಿ. ಕಾಯಿ ಬ್ಯಾರೆ, ಹಣ್ಣು ಬ್ಯಾರೆ. ಈಗ ಏಳು ಗುಂಪಿಗಿ ಎಷ್ಟಾದುವು?”

ಮಕ್ಕಳು ಮುಗಿಬಿದ್ದರು. ಇರಮ ನಿದ್ದೆಯನ್ನೇ ಮರೆತು ಮೂರು ಹತ್ತಲೆ ಮೂವತ್ತರ ತನಕ ಹೋದಳು. ದಿಲಾವರನಿಗೂ ಖುಷಿಯೇ ಆಯಿತು, ಸುಳ್ಳು ಹೇಳಬಾರದು. ವೃಂದಾ ಟೀಚರ್ ಬಂದು ಕಟ್ಟೆಯ ಮುಂದೆ ನಿಂತದ್ದೂ ಅವನಿಗೆ ತಿಳಿಯಲಿಲ್ಲ.

“ಭಾಳ ಛಂದ ಹೇಳಿಕೊಡ್ತೀರಿ,” ಎಂದರು ಟೀಚರ್. “ಇರಮ, ಡೈರಿ ಕೊಡು. ಎರಡು ಸಾಲು ಬರೀತೇನಿ.”

ಖಾಲಿ ಪುಟ ಹುಡುಕುತ್ತ ಹೋದರು. ನಾಳೆಯ ಪುಟಕ್ಕೆ ಸಹಿ. ನಾಡಿದ್ದಿಗೂ ಸಹಿ. ಮೂವತ್ತರ ತನಕ ಸಹಿ.

“ಇವತ್ತ ಎಂಟನೇ ತಾರೀಖು ಅಲ್ರೀ?”

ದಿಲಾವರ ಎಣಿಸಿದ್ದ ಲಿಂಬೆಯನ್ನೇ ಮತ್ತೆ ಎಣಿಸತೊಡಗಿದ. ಗೈಬುಸಾಬ ನಡುವೆ ಬಾಯಿ ಹಾಕಿದರು. “ಅದು ಅವನು ಕೊಟ್ಟ ಮಾತು ರೀ ಟೀಚರ್. ದಿನಾ ಕೂಡ್ತೇನಿ ಅಂತ ಮೊದ್ಲ ಬರದುಕೊಟ್ಟಾನ. ಓಣಿ ಮಕ್ಕಳಿಗೆಲ್ಲಾ ಇವನ ಆಧಾರ.”

ಟೀಚರ್ ಸಹಿಯನ್ನೂ ನೋಡಿದರು, ದಿಲಾವರನ ಮುಖವನ್ನೂ ನೋಡಿದರು. ಅವರಿಗೆ ತಿಳಿಯದ್ದೇನೂ ಉಳಿಯಲಿಲ್ಲ.

“ಹಂಗಾದ್ರ ಛಲೋ ಆತು. ತಿಂಗಳ ಕೊನೀತನಕಾ ಆರಕ್ಕ ಈ ಹನ್ನೊಂದೂ ಮಂದಿ ಇಲ್ಲೇ ಬರ್ಲಿ. ನಿಮ್ಮ ಸಹಿ ಅಂತೂ ಆಗೇತಿ. ಅದರ ಬಾಜೂಕ ದಿನಾ ಇರಮ ಸಹಿ ಹಾಕ್ಲಿ, ಅಬ್ಬಾ ಕೂತಿದ್ರು ಅಂತ.”

ಅವರು ಹೋದ ಮೇಲೆ ಗೈಬುಸಾಬ ದಿಲಾವರನ ಬೆನ್ನು ತಟ್ಟಿದರು. “ಮೊಮ್ಮಕ್ಕಳು ಇಲ್ಲಿ ಕೂತ್ರ ನಂಗೂ ಸಂಜಿಗಿ ಪುರಸೊತ್ತು. ನಾಳಿ ನಿನ್ನ ಬದ್ಲಿ ಕೇರಂ ನಾ ಆಡ್ತೇನಿ ತಗೋ.”

ದಿಲಾವರ ಮಗಳ ಪಕ್ಕದಲ್ಲಿ ಕೂತ. ಅವಳು ನಾಲಿಗೆ ಕಚ್ಚಿಕೊಂಡು ಇಂದಿನ ಪುಟಕ್ಕೆ ತನ್ನ ಹೆಸರು ಬರೆಯುತ್ತಿದ್ದಳು.

“ನಾಳಿಂದೂ ಈಗ ಹಾಕಿಬಿಡವಾ,” ಎಂದು ಮೆಲ್ಲಗೆ ಅಂದ. “ಐಸ್‌ಕ್ರೀಮ್ ಕೊಡಸ್ತೇನಿ.”

ಇರಮ ಪೆನ್ನಿಗೆ ಟೊಪ್ಪಿಗೆ ಹಾಕಿ ಪಾಟಿಚೀಲದೊಳಗೆ ಇಟ್ಟಳು.

“ನಾಳಿಂದು ನಾಳಿ ಕೂತ ಮ್ಯಾಲ, ಅಬ್ಬಾ. ಬರೂವಾಗ ಲಿಂಬಿ ಹೆಚ್ಚಿಗಿ ತಗೊಂಡ್ಬಾ. ನಾಕರ ಮಗ್ಗಿ ಐತಿ.”