ಟಿವಿ ಕೇಳಿಸಲಿ ಅಂದದ್ದೇ ತಪ್ಪಾಯಿತು

ಕಿವಿ ಮಂದವಾದವರಿಗೆ ಸಹಾಯ ಮಾಡಲು ಎಲ್ಲರೂ ಸಿದ್ಧ. ನಿಮಗೆ ಏನು ಬೇಕು ಅಂತ ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ. ನಾನು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ತಿರುಗಿ ಶಾಲೆಗಳಲ್ಲಿ ಕನ್ನಡ ಕಲಿಸಿ, ನಿವೃತ್ತಳಾಗಿ ಸಿಂದಗಿಯಲ್ಲಿ ಮಗ, ಸೊಸೆಯ ಜೊತೆ ಇದ್ದೇನೆ. ಕಿವಿಗೆ ಮಷಿನ್ ಇದೆ. ಎದುರು ಕೂತು ಮಾತಾಡಿದರೆ ಕೇಳುತ್ತದೆ. ಟಿವಿಯ ಮಾತು ಮಾತ್ರ ಚೂರುಚೂರಾಗಿ ಬರುತ್ತದೆ. ಸಂಜೆಯ ಒಂದು ಧಾರಾವಾಹಿಯನ್ನು ಯಾರ ಹಂಗೂ ಇಲ್ಲದೆ ಪೂರ್ತಿ ಕೇಳಬೇಕು, ನನ್ನ ಆಸೆ ಅಷ್ಟೇ.

ಗೋಡೆಗೊಂದು ಕಥೆ

ಹಳೆಯ ದಪ್ಪ ಟಿವಿ ತೆಗೆದು ಮಗ ಗೋಡೆಗೆ ತೆಳ್ಳನೆಯದು ಹಾಕಿಸಿದ. ನಾಯಕಿಯ ಸೀರೆಯ ಎಳೆ ಎಣಿಸಬಹುದು, ಅವಳ ಒಂದು ಮಾತೂ ತಿಳಿಯದು. ಮೆಕ್ಯಾನಿಕ್ ಬಂದು, ಈಗಿನ ಟಿವಿಗೆ ಸ್ಪೀಕರ್ ಹಿಂದೆ ಇರುತ್ತದೆ, ಧ್ವನಿ ಗೋಡೆಯ ಕಡೆ ಹೋಗುತ್ತದೆ ಅಂದ. ಧಾರಾವಾಹಿ ನೋಡುವುದು ನಾನೋ ಗೋಡೆಯೋ ಅಂತ ಕೇಳಿದ್ದಕ್ಕೆ, ಕಂಪನಿಯವರನ್ನು ಕೇಳಿ ಅಂತ ಹೊರಟೇ ಹೋದ. ಸಿಟ್ಟಿನಲ್ಲಿ ವಾಲ್ಯೂಮ್ ಏರಿಸಿದೆ.

ವಾರದ ಮೇಲೆ ಗೋಡೆಯಾಚೆಯ ಮನೆಯಾಕೆ ಬಂದರು. ಜಗಳಕ್ಕೇ ಬಂದರು ಅಂದುಕೊಂಡು ಸೆರಗು ಸಿಕ್ಕಿಸಿ ನಿಂತೆ.

"ಅಕ್ಕೋರ, ನಿನ್ನಿ ನಡುವ ಬಂದ್ ಮಾಡಿಬಿಟ್ರಿ," ಅಂದರು. "ಆ ಹುಡುಗಿ ಮದುವಿಗೆ ಒಪ್ಪಿದ್ಲೋ ಇಲ್ಲೋ ಗೊತ್ತಾಗಲಿಲ್ಲ."

ನನಗೂ ಗೊತ್ತಿರಲಿಲ್ಲ. ಅಲ್ಲಿಯವರೆಗಿನ ಕಥೆಯನ್ನು ಆಕೆಯನ್ನೇ ಕೂರಿಸಿಕೊಂಡು ಕೇಳಿದೆ.

ಮನೆ ಬಿತ್ತು

ಆಮೇಲೆ ಮಗ ಟಿವಿಯ ಕೆಳಗೆ ಇಡುವ ಉದ್ದನೆಯ ಸ್ಪೀಕರ್ ಪಟ್ಟಿ ತಂದ. ಮಾತು ಇದ್ದಲ್ಲೇ ಇತ್ತು, ಸಂಗೀತ ಮಾತ್ರ ಹತ್ತು ಪಟ್ಟಾಯಿತು. ತಾಳಿಕೋಟೆಯ ಬೀಗರು ಚಹಾ ಕುಡಿಯುತ್ತಿದ್ದಾಗ ಧಾರಾವಾಹಿಯಲ್ಲಿ ಒಬ್ಬಳು ಸುಮ್ಮನೆ ತಲೆಯೆತ್ತಿ ನೋಡಿದಳು. ಅದಕ್ಕೆ ಮೂರು ಸಲ ಗುಡುಗು. ಅಡುಗೆಮನೆಯ ತಾಟುಗಳೆಲ್ಲ ಝಣಝಣ ಅಂದವು. ಬೀಗರು ಬಟ್ಟಲು ಬಿಟ್ಟು ಅಂಗಳಕ್ಕೆ ಓಡಿದರು. ಭೂಕಂಪವಲ್ಲ, ಆಕೆ ಗಂಡನನ್ನು ನೋಡಿದಳು ಅಂತ ಹೇಳಿ ಒಳಗೆ ಕರೆತರಬೇಕಾಯಿತು.

ಕನ್ನಡಕ್ಕೆ ಇಂಗ್ಲಿಷ್

ಕೆಳಗೆ ಮಾತನ್ನು ಬರೆದು ತೋರಿಸುತ್ತದೆ ಅಂತ ಮಗ ಮತ್ತೇನೋ ಒತ್ತಿದ. ಧಾರಾವಾಹಿಗೆ ಅದು ಬರಲೇ ಇಲ್ಲ. ಕನ್ನಡ ಸಿನಿಮಾಕ್ಕೆ ಬಂತು, ಇಂಗ್ಲಿಷಿನಲ್ಲಿ. ನನಗೆ ಮೈಯೆಲ್ಲ ಉರಿಯಿತು. ಕನ್ನಡದವರು ಆಡಿದ ಮಾತನ್ನು ಕನ್ನಡದವರಿಗೆ ಕನ್ನಡದಲ್ಲಿ ಬರೆದು ತೋರಿಸಲು ಇವರಿಗೆ ಏನು ಕಷ್ಟ? ಜನ್ಮವಿಡೀ ಕನ್ನಡ ಕಲಿಸಿದವಳು ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಕನ್ನಡ ಸಿನಿಮಾ ನೋಡಿದೆ. ಮೊದಲ ಪದದ ಅರ್ಥ ಸಿಗುವಷ್ಟರಲ್ಲಿ ವಿಲನ್ ಸತ್ತಿದ್ದ.

ಸೊಸೆ ಹೇಳಿದ ಕಥೆ

ಎರಡು ವರ್ಷದ ಹಿಂದೆ, ಈಗಿನ ಧಾರಾವಾಹಿ ಶುರುವಾಗುವ ಹೊತ್ತಿಗೆ ಗೋಡೆಯಾಚೆಯವರು ಊರು ಬಿಟ್ಟಿದ್ದರು. ಕಥೆ ಹೇಳುವ ಕೆಲಸ ಸೊಸೆಯ ಪಾಲಿಗೆ ಬಂತು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಒಂದೊಂದೇ ಮಾತು ಹೇಳುತ್ತಿದ್ದಳು. ಧಾರಾವಾಹಿಯ ಅತ್ತೆ ಕಣ್ಣು ಕೆಂಪಗೆ ಮಾಡಿ ಬೆರಳು ತೋರಿಸಿದಾಗಲೆಲ್ಲ, ತನ್ನ ಸೊಸೆಯ ಕ್ಷಮೆ ಕೇಳುತ್ತಿದ್ದಾಳೆ ಅಂತ ನಮ್ಮ ಸೊಸೆ ಹೇಳುತ್ತಿದ್ದಳು. ಇಷ್ಟು ಜೋರಾಗಿ ಕ್ಷಮೆ ಕೇಳುವುದು ಈಗಿನ ಪದ್ಧತಿ ಇರಬೇಕು ಅಂದುಕೊಂಡೆ.

ಹೋದ ತಿಂಗಳು ನಾನೇ ಬಜಾರಿಗೆ ಹೋಗಿ ತಂತಿಯಿಲ್ಲದ ಹೆಡ್‌ಫೋನ್ ತಂದೆ. ಮಷಿನ್ ತೆಗೆದು ಅದನ್ನು ಹಾಕಿಕೊಂಡೆ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿತು. ಕಣ್ಣಲ್ಲಿ ನೀರು ಬಂತು. ಎರಡನೆಯ ನಿಮಿಷಕ್ಕೆ ಸಿಟ್ಟು ಬಂತು. ಆ ಅತ್ತೆ ಕ್ಷಮೆ ಕೇಳುವ ಹೆಂಗಸೇ ಅಲ್ಲ! ಸೊಸೆಯನ್ನು ಮನೆಯಿಂದ ಹೊರಗೆ ಹಾಕಲು ನಿಂತಿದ್ದಾಳೆ.

ನಾನೋ, ಅಂಥ ಅತ್ತೆಯೇ ಅಷ್ಟು ಬದಲಾದಳಲ್ಲ ಅಂತ ನಾಚಿಕೊಂಡು, ಎರಡು ವರ್ಷದಿಂದ ಬೆಳಗಿನ ಚಹಾ ನಾನೇ ಮಾಡಿದ್ದೇನೆ. ಸೊಸೆ ಕೇಳಿದಾಗಲೆಲ್ಲ ಅವಳ ತವರೂರು ಹೂವಿನ ಹಿಪ್ಪರಗಿಗೆ ತುಟಿಪಿಟಕ್ಕೆನ್ನದೆ ಕಳಿಸಿದ್ದೇನೆ.

ಹೆಡ್‌ಫೋನ್ ತೆಗೆದೆ. ಉತ್ತರ ಸರಿಯಾಗಿ ಕೇಳಬೇಕಲ್ಲ, ಮಷಿನ್ ಹಾಕಿಕೊಂಡೆ. ಆಮೇಲೆ ಜಗಳ ತೆಗೆದೆ.

"ಎರಡು ವರ್ಷ ನನಗ ಸುಳ್ಳ ಕಥಿ ಹೇಳಿದಿ ಏನ?"

ಸೊಸೆ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆಕಿ ಅಂತೂ ಸುಧಾರಿಸಾಕಿ ಅಲ್ರಿ ಅತ್ತಿ," ಅಂದಳು. "ನೀವಾದ್ರೂ ಸುಧಾರಿಸಿದ್ರಲ್ಲ."