ಒಂದು ವಾರ ಬಂದ್ ಆಗಬೇಕೆಂದು ಅರಬ್ಬಿ ಸಮುದ್ರಕ್ಕೆ ಕೋರಿಕೆ

ಏಪ್ರಿಲ್ ೧೨, ಶನಿವಾರ. ಶ್ರೀರಾಮನಗರ, ಗಂಗಾವತಿ ತಾಲ್ಲೂಕು. ತುಂಗಭದ್ರಾ ಎಡದಂಡೆ ಕಾಲುವೆಗೆ ಮೊನ್ನೆ ನೀರು ನಿಂತಿದೆ. ಬಾಬಾಸಾಬರು ಈ ಸಲ ಮೀನಿಗೆಂದು ಗುಂಡಿಗೆ ಇಳಿದಿಲ್ಲ.

ಇವರಿಗೆ: ಅರಬ್ಬಿ ಸಮುದ್ರ, ಪಶ್ಚಿಮ ದಿಕ್ಕು.

ಮಾನ್ಯರೇ,

ಅಲೆ, ನೊರೆ, ತಿಮಿಂಗಿಲ ಸಹಿತ ಸಕಲ ಪರಿವಾರದೊಂದಿಗೆ ತಾವು ಕ್ಷೇಮವೆಂದು ನಂಬಿ, ತಮ್ಮ ದರ್ಶನದ ಭಾಗ್ಯ ಇದುವರೆಗೆ ಒದಗದ, ತಮ್ಮನ್ನು ಅನುವಾದಿತ ಕಾದಂಬರಿಗಳಲ್ಲಿ ಮಾತ್ರ ಬಲ್ಲ ಈ ಊರಿನ ಗ್ರಂಥಾಲಯದ ಮೇಲ್ವಿಚಾರಕನಾದ ನಾನು, ವಿನಯಪೂರ್ವಕವಾಗಿ ಒಂದು ದೂರು ಸಲ್ಲಿಸುತ್ತಿದ್ದೇನೆ. ಆ ಕಾದಂಬರಿಗಳಲ್ಲಿ ತಾವು ಸಾಮಾನ್ಯವಾಗಿ ಬೂದು ಬಣ್ಣದವರಾಗಿದ್ದು, ಯಾರಾದರೂ ಮುಳುಗುವವರೆಗೆ ಯಾವ ಅಭಿಪ್ರಾಯವನ್ನೂ ಸೂಚಿಸುವುದಿಲ್ಲ. ಆದ್ದರಿಂದ ಉತ್ತರ ತಡವಾದರೆ ನಾನು ತಪ್ಪು ತಿಳಿಯುವುದಿಲ್ಲ.

ವಿಷಯ ಹೀಗಿದೆ. ನನ್ನ ಸ್ನೇಹಿತರಾದ ಬಾಬಾಸಾಬರು ಭತ್ತ ಕೊಯ್ಯುವ ಯಂತ್ರಗಳನ್ನು ದುರಸ್ತಿ ಮಾಡುವವರು. ಕಾಲುವೆ ಬಂದ್ ಆದ ಮರುದಿನ ಸೇತುವೆಗಳ ಕೆಳಗಿನ ಗುಂಡಿಗಳಲ್ಲಿ ಸಿಕ್ಕಿಬಿದ್ದ ಜಿಲೇಬಿ ಮೀನು, ಬಾಳೆಮೀನುಗಳನ್ನು ಹಳೆಯ ಸೊಳ್ಳೆಪರದೆಯಲ್ಲಿ ಬಾಚಿ ತರುವುದರಲ್ಲಿ ಅವರಿಗೆ ಸಮಾನರಿಲ್ಲ. ಹೋದ ವರ್ಷ ಹಾಗೆ ತಂದ ಮೀನಿಗೆ ಅವರ ಪತ್ನಿ ಜೋಹರಾಬಿಯವರು ಹುಣಸೆಹುಳಿ ಹಾಕಿ ಸಾರು ಮಾಡಿ, ಮಗಳು ಜಾಸ್ಮೀನಳನ್ನು ಕೊಟ್ಟ ಹೊನ್ನಾವರದ ಕಡೆಯ ಬೀಗರಿಗೆ ಬಡಿಸಿದರು. ಬೀಗರು ಒಂದು ತುತ್ತು ತಿಂದು, ಇದಕ್ಕೆ ಕೆಸರಿನ ವಾಸನೆ ಇದೆಯೆಂದೂ, ಮೀನೆಂದರೆ ತಮ್ಮ ಕಡೆಯ ದೂರದ ದ್ವೀಪಗಳ ಸುತ್ತ ಸಿಗುವುದೇ ಮೀನೆಂದೂ ಬಹಳ ಸೌಜನ್ಯದಿಂದ ತಿಳಿಸಿ, ಬೇಳೆಸಾರು ಇದೆಯೇ ಎಂದು ವಿಚಾರಿಸಿದರು. ಬೀಗರ ಬಸ್ಸು ಹೊರಟ ಕೂಡಲೇ ಜೋಹರಾಬಿಯವರು ಮೀನಿನ ಗಡಿಗೆಯನ್ನು ತೊಳೆದು, ಅಟ್ಟದ ಮೇಲೆ ಬೋರಲು ಹಾಕಿ, "ಆ ದ್ವೀಪದ ಮೀನ ನಿಮ್ಮ ಕೈಲೇ ಹಿಡಕೊಂಡು ಬರ್ರಿ, ಆವಾಗ ಇಳಸ್ತೀನಿ. ಅಲ್ಲೀತನಕ ಈ ಮನ್ಯಾಗ ಮೀನಿನ ಹೆಸರ ತಗೀಬ್ಯಾಡ್ರಿ" ಎಂದು ಘೋಷಿಸಿದರು. ಅಂದಿನಿಂದ ಆ ಮನೆಯಲ್ಲಿ ಬದನೆಕಾಯಿಯ ಆಳ್ವಿಕೆ ನಡೆದಿದೆ. ಬಾಬಾಸಾಬರು ಊಟಕ್ಕೆ ಕುಳಿತಾಗ ಮೊದಲು ಅಟ್ಟವನ್ನು ನೋಡುತ್ತಾರೆ, ಆಮೇಲೆ ತಟ್ಟೆಯನ್ನು.

ಹೀಗಾಗಿ ದ್ವೀಪಯಾತ್ರೆಯ ಸಿದ್ಧತೆಗೆಂದು ಗ್ರಂಥಾಲಯದಲ್ಲಿ ಒಂದು ಸಭೆ ಸೇರಿತು. ಸಮುದ್ರದ ಬಗ್ಗೆ ಓದಿರುವುದರಿಂದಲೂ, ಮೀನು ತಿನ್ನದವನಾದ್ದರಿಂದ ಪಾಲು ಕೇಳಲಾರೆನೆಂಬ ಭರವಸೆಯಿಂದಲೂ ನನ್ನನ್ನು ವ್ಯವಸ್ಥಾಪಕನನ್ನಾಗಿ ನೇಮಿಸಲಾಯಿತು. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ಹಾಕುವ ಕನಕಪ್ಪ ನಾವಿಕ ತಜ್ಞನಾಗಿ ಬಂದಿದ್ದ. ಸಭೆಯ ಮೊದಲನೆಯ ಪ್ರಶ್ನೆ ದಾರಿಯದ್ದಾಗಿರಲಿಲ್ಲ, ದೋಣಿಯದ್ದೂ ಆಗಿರಲಿಲ್ಲ. ಸಮುದ್ರ ಬಂದ್ ಆಗುವುದು ಯಾವಾಗ ಎಂಬುದಾಗಿತ್ತು.

ದಯವಿಟ್ಟು ನಗಬೇಡಿ. ನಮ್ಮ ಕಡೆ ನೀರು ಬಿಡುವವರಿದ್ದಾರೆ, ನಿಲ್ಲಿಸುವವರಿದ್ದಾರೆ. ಹರಿಯುವ ನೀರಿನಲ್ಲಿ ಬಲೆ ಹಾಕುವವನನ್ನು ಸೋಮಾರಿ ಎನ್ನುತ್ತಾರೆ, ನೀರು ನಿಂತ ಮೇಲೆ ಇಳಿಯುವವನನ್ನು ಮೀನುಗಾರ ಎನ್ನುತ್ತಾರೆ. ಕರಾವಳಿಯಲ್ಲಿ ಜೂನ್ ಒಂದರಿಂದ ಬೋಟುಗಳೆಲ್ಲ ದಡ ಸೇರಲಿವೆ ಎಂಬ ಸುದ್ದಿಯನ್ನು ನಾನೇ ಪತ್ರಿಕೆಯಿಂದ ಓದಿ ಹೇಳಿದೆ. ಕನಕಪ್ಪ ತೊಡೆ ತಟ್ಟಿಕೊಂಡು, "ನೀರ ಇದ್ರ ಬೋಟ್ ಯಾಕ ದಂಡಿಗೆ ಹಚ್ತಾರ್ರೀ ಸರ? ಅವತ್ತ ಬಂದ್ ಮಾಡ್ತಾರ, ಬರಕೊಳ್ರಿ" ಎಂದ. ನಿಖರತೆಯ ಮೇಲಿನ ಪ್ರೀತಿಯಿಂದ ನಾನು, ತಮ್ಮನ್ನು ಯಾರೂ ಬಂದ್ ಮಾಡುವುದಿಲ್ಲ, ಓದಿದ ಮಟ್ಟಿಗೆ ತಾವು ದಿನಕ್ಕೆರಡು ಬಾರಿ ತಾವಾಗಿಯೇ ಹಿಂದೆ ಸರಿದು ಮತ್ತೆ ಬರುತ್ತೀರಿ ಎಂದು ತಿದ್ದಲು ಹೋದೆ. ಅದೇ ನಾನು ಮಾಡಿದ ಹಾನಿ. "ಅಂದ್ರ ಗೇಟ್ ಐತಿ ಅಂತಾತು!" ಎಂದು ಬಾಬಾಸಾಬರು ಎದ್ದು ನಿಂತರು. ಗೇಟಿನ ಮೇಲೆ ಯಾರಿದ್ದಾರೆ ಎಂದು ಕೇಳಿದರು. ಚಂದ್ರ ಎಂದು ಹೇಳದೆ ನನಗೆ ಬೇರೆ ದಾರಿ ಇರಲಿಲ್ಲ. ಅವರು ಗಡ್ಡ ನೀವಿಕೊಂಡು, "ಅಂಥವನ ಕೈಯಾಗ ಯಾರು ಕೊಟ್ರಪಾ ಗೇಟ? ಅಮಾಸಿಗೆ ಡ್ಯೂಟಿಗೇ ಬರಂಗಿಲ್ಲ ಅಂವ" ಎಂದರು.

ಅಲ್ಲಿಂದ ಮುಂದೆ ಸಿದ್ಧತೆ ನನ್ನ ಕೈಮೀರಿ ಬೆಳೆಯಿತು. ನೀರು ಇಳಿದ ಮೇಲೆ ದ್ವೀಪಕ್ಕೆ ನಡೆದೇ ಹೋಗುವುದು, ಆದರೂ ಮುಂಜಾಗ್ರತೆಗೆ ಹರಿಗೋಲನ್ನು ತಲೆಯ ಮೇಲೆ ಬೋರಲಾಗಿ ಹೊತ್ತೊಯ್ಯುವುದು, ಅದರಿಂದ ನೆರಳೂ ಆಗುತ್ತದೆ ಎಂದು ತೀರ್ಮಾನವಾಯಿತು. ತಮ್ಮ ಮೇಲೆ ಒಂದೂ ಸೇತುವೆ ಇಲ್ಲವೆಂದು ತಿಳಿದಾಗ ಮಾತ್ರ ಸಭೆ ಮೀನುಗಳಿಗಾಗಿ ಮರುಗಿತು. "ಸೇತುವಿ ಇಲ್ಲಂದ್ರ ಪಾಪ ಮೀನ ಎಲ್ಲಿ ಕೂಡ್ತಾವ?" ಎಂದು ಕನಕಪ್ಪ ಕೇಳಿದ. ನಾನು ಓದಿದ ಯಾವ ಕಾದಂಬರಿಯೂ ಈ ಪ್ರಶ್ನೆಯನ್ನು ಎತ್ತಿಲ್ಲ.

ಅನುಮಾನ ಪರಿಹಾರಕ್ಕೆಂದು ನಿನ್ನೆ ಜಾಸ್ಮೀನಳಿಗೆ ಫೋನು ಮಾಡಿದೆ. ಅವಳು ನಕ್ಕು ಮುಗಿಸುವವರೆಗೆ ನಾನು ಕಾಯಬೇಕಾಯಿತು. "ಕಾಕಾ, ಬಂದ್ ಬೋಟಿಗಷ್ಟ ರೀ, ಮೀನ ತತ್ತಿ ಇಡ್ತಾವಂತ. ಸಮುದ್ರ ಎಲ್ಲಿ ಬಂದ್ ಆಗತೈತಿ? ಜೂನ್‌ದಾಗ ಅದಽ ನಮ್ಮ ಮನೀ ಬಾಗಿಲಕ್ಕ ಬರತೈತಿ" ಎಂದಳು.

ಆದ್ದರಿಂದ ಮಾನ್ಯರೇ, ನನ್ನ ದೂರು ತಮ್ಮ ಮೇಲೆಯೇ. ತಮ್ಮ ಕರ್ತವ್ಯನಿಷ್ಠೆ ಅಸಾಧಾರಣವೆಂಬುದರಲ್ಲಿ ಎರಡು ಮಾತಿಲ್ಲ. ಸೃಷ್ಟಿಯಾದಂದಿನಿಂದ ಒಂದು ದಿನವೂ ನಿಲ್ಲದೆ, ಯಾವ ರೈತನೂ ಧರಣಿ ಕೂರದೆ, ಕೊನೆಯ ಭಾಗದ ದಡದವರೆಗೂ ತಾವು ಸಮನಾಗಿ ನೀರು ತಲುಪಿಸುತ್ತಿದ್ದೀರೆಂದು ಕೇಳಿ ನಮ್ಮ ಕಾಲುವೆಯ ಕೆಳಭಾಗದವರು ತಮಗೆ ಸನ್ಮಾನ ಮಾಡಬೇಕೆಂದಿದ್ದಾರೆ. ಆದರೆ ಇಷ್ಟು ಯುಗಗಳ ಹೂಳನ್ನು ತೆಗೆಯುವುದು ಯಾವಾಗ? ಹೂಳೆತ್ತುವ ನೆಪದಲ್ಲಾದರೂ ಜೂನ್ ಒಂದರಿಂದ ಒಂದು ವಾರ ತಾವು ಪೂರ್ತಿ ಬಂದ್ ಆಗಬೇಕೆಂದೂ, ಹಿಂದೆ ಸರಿಯುವಾಗ ದ್ವೀಪದ ಬುಡದಲ್ಲಿ ಸೊಂಟದಾಳದ ಗುಂಡಿಯೊಂದನ್ನು ಮೀನು ಸಹಿತ ಉಳಿಸಿ ಹೋಗಬೇಕೆಂದೂ, ಉಪ್ಪನ್ನು ಜೋಹರಾಬಿಯವರು ಇನ್ನೊಬ್ಬರ ಕೈಯಿಂದ ಹಾಕಿಸುವವರಲ್ಲವಾದ್ದರಿಂದ ಆ ಗುಂಡಿಯ ಮಟ್ಟಿಗೆ ಉಪ್ಪಿಲ್ಲದೆ ಸಹಕರಿಸಬೇಕೆಂದೂ ಕೋರುತ್ತೇನೆ.

ಇಷ್ಟು ಅವಸರ ಮಾಡಲು ಕಾರಣವಿದೆ. ಇಂದು ಬೆಳಿಗ್ಗೆ ಬಾಬಾಸಾಬರಿಗೆ ನಿಜ ಹೇಳಿಬಿಡೋಣವೆಂದು ಅವರ ಮನೆಗೆ ಹೋದೆ. ಅವರು ಅಂಗಳದಲ್ಲಿ ಸೊಳ್ಳೆಪರದೆಯ ತೂತುಗಳಿಗೆ ಹೊಲಿಗೆ ಹಾಕುತ್ತಿದ್ದರು. ಒಳಗೆ ಕಟ್ಟೆಯ ಮೇಲೆ ಗಡಿಗೆ ಬಾಯಿ ಮೇಲೆ ಮಾಡಿ ಕುಳಿತಿತ್ತು. "ನಾನೂ ಬರ್ತೀನ್ರಿ ಸರ," ಎಂದರು ಜೋಹರಾಬಿಯವರು, ಅದರೊಳಗಿನ ಧೂಳನ್ನು ಸೆರಗಿನಿಂದ ಒರೆಸುತ್ತ. "ಬಸ್ಸಿನ್ಯಾಗ ಗಡಿಗಿ ತೊಡಿಮ್ಯಾಲೆ ಇಟಗೊಂಡ ಕುಂದರ್ತೀನಿ. ಇವರನ್ನ ನಂಬಾಕ ಆಗಂಗಿಲ್ಲ, ಬೀಗರ ಕೂಡ ಮಸಲತ್ತು ಮಾಡಿ ಸಂತೀ ಮೀನ ತಂದು ತೋರಿಸೋ ಪೈಕಿ." ಬಾಬಾಸಾಬರು ತಲೆ ಎತ್ತಲಿಲ್ಲ, ಆದರೆ ಸೂಜಿಗೆ ದಾರ ಪೋಣಿಸುವಾಗ ಅವರ ಕಿವಿಯ ತನಕ ನಗು ಹಬ್ಬಿತ್ತು. ನಾನು ಚಹಾ ಕುಡಿದು ಎದ್ದು ಬಂದೆ.

ತಾವು ಬಂದ್ ಆಗುವವರಲ್ಲ ಎಂಬುದನ್ನು ಅವರಿಗೆ ತಿಳಿಸುವುದೆಂದು ನಾನು ನಿಶ್ಚಯಿಸಿದ್ದೇನೆ. ಇನ್ನೂ ತಿಳಿಸಿಲ್ಲ.

ಇದುವರೆಗೆ ಪುಟದ ಮೇಲಲ್ಲದೆ ಬೇರೆಲ್ಲೂ ಕಾಲು ನೆನೆಸಿಕೊಳ್ಳದ,
ತಮ್ಮ ವಿಶ್ವಾಸಿ,
ಶರಣಬಸವ

ತಾಜಾ ಕಲಂ: ತಮ್ಮಿಂದ ಆಗದಿದ್ದರೆ ಸಂಕೋಚ ಬೇಡ, ಇದೇ ಕೋರಿಕೆಯನ್ನು ಬಂಗಾಳ ಕೊಲ್ಲಿಯವರಿಗೆ ಕಳಿಸುತ್ತೇನೆ. ತುಂಗಭದ್ರೆ ತಮ್ಮ ಬೆನ್ನ ಹಿಂದಿನ ಗುಡ್ಡದಲ್ಲೇ ಹುಟ್ಟಿಯೂ ತಮ್ಮ ಕಡೆ ತಿರುಗಿ ನೋಡದೆ ಅಷ್ಟು ದೂರ ಅವರ ಮನೆಗೇ ಏಕೆ ನಡೆದು ಹೋದಳೆಂಬುದು ನನಗೆ ಈಗೀಗ ಅರ್ಥವಾಗುತ್ತಿದೆ.